ಕುಡಿತ ಬಿಟ್ಟ ಅತ್ತೆ

ಅತ್ತೆಗೆ ಹುಬ್ಬೇ ಇರಲಿಲ್ಲ. ನಾಟಕದ ಕಂಪನಿಯಲ್ಲಿ ರಾಣಿಯ ಪಾತ್ರಕ್ಕೆಂದು ವರ್ಷಗಟ್ಟಲೆ ಬೋಳಿಸಿ ಬೋಳಿಸಿ ಅವು ಬೆಳೆಯುವುದನ್ನೇ ಬಿಟ್ಟಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಕಾಡಿಗೆಯಲ್ಲಿ ಎರಡು ಹುಬ್ಬು ಎಳೆದುಕೊಂಡು, ಆಮೇಲೆ ಬಾಗಿಲಿಗೆ ನೀರು ಹಾಕುತ್ತಿದ್ದರು. ರಕ್ತಸಂಬಂಧವೇನೂ ಇಲ್ಲ, ಹುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯವರು, ನಮಗೆಲ್ಲ ಅತ್ತೆ.

ಕಂಪನಿ ಮುಚ್ಚಿದ ಮೇಲೆ ಅವರು ಕುಡಿತಕ್ಕೆ ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಬಿಟ್ಟದ್ದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳುವುದು ಬೇಕಾಗಿಯೂ ಇರಲಿಲ್ಲ. ನಂಬಿದ್ದು ನಮ್ಮಜ್ಜಿ ಒಬ್ಬರೇ. ಕುಡಿದವರ ವಾಸನೆ ರೇಷ್ಮೆಹುಳುವಿಗೆ ಆಗದೆಂದು ನಮ್ಮ ಕಡೆ ಅಂಥವರನ್ನು ಹುಳುಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಅಜ್ಜಿ ನಮ್ಮ ಹುಳುಮನೆಯೊಳಗೆ ಕರೆದು ಹುಳುಗಳಿಗೆ ಸೊಪ್ಪು ಹಾಕಲು ಹೇಳಿದ ದಿನ ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ತಟ್ಟೆಗಳ ನಡುವೆ ಓಡಾಡಿದರು. ಕೆಲಸ ಮಾಡುತ್ತಾ ಹಳೆಯ ಪಾತ್ರಗಳ ಮಾತನ್ನು ಹುಳುಗಳಿಗೆ ಒಪ್ಪಿಸುವರು. ಕಾಲೇಜಿನಿಂದ ಬಂದವಳು ನಾನು ಅಲ್ಲೇ ಕೂತು ಕೇಳುತ್ತಿದ್ದೆ. ಇಂದು ಕೂಗಾಡದೆ ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಮಾಡುತ್ತೇನಲ್ಲ, ಅದು ಅವರು ಕಲಿಸಿದ್ದು.

ಅಷ್ಟರಲ್ಲಿ ನಮ್ಮ ಮನೆಗೆ ಟೀವಿ ಬಂತು. ಟೀವಿಯಲ್ಲಿ ಆ ಹಾಳು ಧಾರಾವಾಹಿ ಬಂತು. ಕುಡಿತ ಬಿಟ್ಟ ಹಳೆಯ ನಟಿಯೊಬ್ಬಳ ಕಥೆ, ನಗಿಸುವುದಕ್ಕೆಂದೇ ಮಾಡಿದ್ದು. ವಾರವಾರವೂ ಅವಳು ಕೈ ನಡುಗಿಸುತ್ತ ಅಕ್ಕಿ ಡಬ್ಬದಲ್ಲಿ ಸೀಸೆ ಬಚ್ಚಿಡುವುದು, ಸಿಕ್ಕಿಬೀಳುವುದು. ನಡುಮನೆ ತುಂಬ ಕೂತ ಜನ ಒಮ್ಮೆ ಟೀವಿ ನೋಡಿ, ಒಮ್ಮೆ ಅತ್ತೆಯನ್ನು ನೋಡಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಮಾತ್ರ ಎದ್ದು ಹೋಗುತ್ತಿರಲಿಲ್ಲ.

"ಬಿಟ್ಟೋರ ಕೈ ಹಂಗೆ ನಡುಗಲ್ಲ ಕಣೇ," ಎಂದರು ಒಂದು ದಿನ ನನ್ನ ಕಿವಿಯಲ್ಲಿ. "ಕೈ ಸುಮ್ನೇ ಇರತ್ತೆ. ಒಳಗೆ ನಡುಗೋದು. ಅದನ್ನ ಆಡಿ ತೋರ್ಸೋಕೆ ಇವಳಿಗೆ ಬರಲ್ಲ."

ಆ ಸಲದ ಹುಳುವಿನ ಬೆಳೆಗೆ ರೋಗ ಬಿತ್ತು. ಅಜ್ಜಿ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು, "ಒಂದ್ಸಾರಿ ಊದು, ನೋಡ್ತೀನಿ," ಎಂದುಬಿಟ್ಟರು. ನಂಬಿದ್ದ ಅದೇ ಅಜ್ಜಿ. ಟೀವಿಯವಳು ಸೀಸೆ ಬಚ್ಚಿಟ್ಟರೆ ಇವರ ಬಾಯಿಯನ್ನೇಕೆ ಮೂಸಬೇಕೆಂದು ನಾನು ಜಗಳಕ್ಕೆ ನಿಂತೆ. ಅತ್ತೆ ಊದಲಿಲ್ಲ. "ಚಾಲು, ಚಾಲಮ್ಮಾ, ಇನ್ನು ಸಾಕು," ಎಂದು ಅರ್ಧ ತೆಲುಗಿನಲ್ಲೇ ಹೇಳಿ ಸೊಪ್ಪಿನ ಕುಕ್ಕೆ ಕೆಳಗಿಟ್ಟರು. ಆ ವಾರವೇ ಮುಳಬಾಗಿಲಿನ ತಂಗಿಯ ಮನೆ ಸೇರಿದರು.

ಅಲ್ಲೇ ತೀರಿಕೊಂಡರು. ಕೊನೆಯವರೆಗೂ ಒಂದು ತೊಟ್ಟು ಮುಟ್ಟಲಿಲ್ಲವೆಂದು ತಂಗಿಯೇ ಹೇಳಿದರು. ಆದರೂ ಹನ್ನೊಂದನೆಯ ದಿನ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವಾಗ, ಮುದ್ದೆ, ಹುರುಳಿಸಾರು, ಎಲೆಅಡಿಕೆಯ ಪಕ್ಕದಲ್ಲಿ ಒಂದು ಸಾರಾಯಿ ಸೀಸೆಯನ್ನೂ ಇಟ್ಟರು. ತೆಗೆಯಲು ಹೋದ ನನ್ನ ಕೈಯನ್ನು ತಂಗಿ ಹಿಡಿದುಕೊಂಡರು.

"ಇರ್ಲಿ ಬಿಡಮ್ಮ. ಪಾಪ, ಅಷ್ಟು ವರ್ಷ ಬಾಯಿ ಕಟ್ಕೊಂಡಿದ್ಲು."

ಪ್ರೀತಿಯಿಂದಲೇ ಹೇಳಿದರು. ನಾನು ಕೈ ಕೊಸರಿಕೊಂಡು, ಸೀಸೆ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದೆ. ಎಡೆ ಕೆಡಿಸಿದವಳೆಂದು ಆ ಮನೆಯವರು ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ.