ಹಿಂದಿನ ಸೀಟಿನ ಗಂಟೆ

ನನ್ನ ಮೋಟಾರ್ ಸೈಕಲ್ಲಿನ ವಂಶಾವಳಿ ಹೇಳುವುದಕ್ಕೆ ನನ್ನನ್ನು ಯಾರೂ ಕೇಳಬೇಕಾಗಿಲ್ಲ. ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಹಾ ಮುಗಿಯುವಷ್ಟು ಹೊತ್ತು ನನ್ನ ಪಕ್ಕ ನಿಂತರೆ ಸಾಕು. ಇದರ ಕಂಪನಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಅವರ ಹಿರಿಯರು ಮೊದಲು ಸೂಜಿ ಮಾಡುತ್ತಿದ್ದದ್ದು, ಆಮೇಲೆ ಬಂದೂಕಿನ ಭಾಗಗಳಿಗೆ ಕೈ ಹಾಕಿದ್ದು, ಕೊನೆಗೆ ಗಾಡಿ ಮದರಾಸಿಗೆ ಬಂದು ನಮ್ಮದೇ ಆದದ್ದು, ಎಲ್ಲವನ್ನೂ ಹೇಳಿಬಿಡುತ್ತೇನೆ. ನನ್ನ ಸ್ವಂತ ಮುತ್ತಜ್ಜನ ಹೆಸರು ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೇನೆ.

ಈಗೇನೋ ಜಪಾನಿ ಇಂಜಿನ್ನಿನ ತೆಳ್ಳನೆಯ ಗಾಡಿಗಳು ಬಂದಿವೆ. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತವೆ. ನನ್ನದು ಹಾಗಲ್ಲ. ನಾನು ಊರ ಹೊರಗಿರುವಾಗಲೇ ಸದ್ದು ಕೇಳಿ ಮನೆಯಲ್ಲಿ ರೊಟ್ಟಿ ಬಡಿಯಲು ಶುರುಮಾಡುತ್ತಾರೆ. ಅದರ ಮೇಲೆ ಹಿಂದೆ ಕೂತವರ ಮಾತು ಮುಂದಿನವನಿಗೆ ಕೇಳಿಸುವುದಿಲ್ಲ. ಇದನ್ನೂ ನಾನು ಅದರ ಗುಣಗಳಲ್ಲಿ ಒಂದೆಂದು ಎಣಿಸಿದ್ದೆ.

ಹೋದ ವರ್ಷ ನಾನೂ ನನ್ನ ಹೆಂಡತಿ ಗಿರಿಜೆಯೂ ಯಮನೂರಿನ ದರ್ಗಾಕ್ಕೆ ಹರಕೆಯ ಸಕ್ಕರೆ ಓದಿಸಲು ಹೊರಟೆವು. ದಾರಿಯಲ್ಲಿ ಒಂದು ಸಣ್ಣ ಹಳ್ಳ. ಭಾರ ಕಡಿಮೆಯಾಗಲೆಂದು ಆಕೆ ಇಳಿದಳು. ನಾನು ದಾಟಿದೆ, ದಾಟಿದ ಖುಷಿಯಲ್ಲಿ ಹಾಗೇ ಹೊರಟುಬಿಟ್ಟೆ. ಸೂಜಿಯಿಂದ ಮದರಾಸಿನವರೆಗಿನ ಕಥೆಯನ್ನು ಆಕೆಗೆ ಹೇಳುತ್ತಲೇ ಹೋದೆ. ಎಂದೂ ಇಷ್ಟು ಶಾಂತವಾಗಿ ಕೇಳಿದವಳಲ್ಲ ಎಂದು ಸಂತೋಷವೂ ಆಗಿತ್ತು. ದರ್ಗಾದ ಮುಂದೆ ನಿಲ್ಲಿಸಿ, ಸಕ್ಕರೆ ಕೊಡು ಎಂದು ಹಿಂದಕ್ಕೆ ಕೈ ಚಾಚಿದಾಗ ನನಗೆ ಸಿಕ್ಕಿದ್ದು ಬರೀ ಗಾಳಿ.

ಆಕೆ ಯಾರದೋ ಎತ್ತಿನ ಚಕ್ಕಡಿಯಲ್ಲಿ ಬಂದು ಇಳಿದಳು. ಸಕ್ಕರೆ ಓದಿಸಿದ ಮೇಲೆಯೇ ಬಾಯಿ ಬಿಟ್ಟಳು. “ಇನ್ನ ಮ್ಯಾಲೆ ಮನ್ಯಾಗ ಈ ಫಟಫಟಿ ಇರಬೇಕು, ಇಲ್ಲಾ ನಾ ಇರಬೇಕು. ಆರಿಸ್ಕೋರಿ.”

ಅಂದು ಆಕೆ ಬಸ್ಸಿನಲ್ಲಿ ಮನೆಗೆ ಮರಳಿದಳು. ನಾನು ಮರುದಿನವೇ ಮೆಕ್ಯಾನಿಕ್ ಹಸನ್‌ಕಾಕಾನ ಗ್ಯಾರೇಜಿಗೆ ಹೋಗಿ, ಗಿರಾಕಿ ನೋಡು ಎಂದೆ. ಎಲ್ಲ ಕೇಳಿದ ಕಾಕಾ ನಗಲಿಲ್ಲ.

“ಇದನ್ನ ಮಾಡಿದಾಂವ ಬರೇ ಗಾಡಿ ಹೊಡಿಯಾಂವನ್ನ ನೋಡ್ಯಾನ್ರಿ ಮಾಸ್ತರ. ನಮ್ಮಜ್ಜ ಟಾಂಗಾ ಮಾಡತಿದ್ದ. ಹಿಂದ ಕೂಡಾವ್ರ ಅಳತಿ ಮೊದಲ ತಗೋತಿದ್ದ. ಅಕ್ಕಾರ್ನ ಕರಕೊಂಡ ಬರ್ರಿ.”

ಅಕ್ಕಾರು ಬರಲೊಲ್ಲೆ ಎಂದರು. ಕಾಕಾನೇ ಮನೆಗೆ ಬಂದು, ಕಟ್ಟೆಯ ಮೇಲೆ ಕೂತ ಆಕೆಯ ಕಾಲು ಎಲ್ಲಿಗೆ ಬರುತ್ತದೆಂದು ನೂಲು ಹಿಡಿದು ಅಳೆದುಕೊಂಡು ಹೋದ. ನಾನು ಹಿಂದಿನಿಂದ ಕೂಗಿ, ಗಾಡಿ ಹೇಗೂ ಬಿಚ್ಚುತ್ತೀ, ಜಪಾನಿ ಗಾಡಿಗಿದ್ದ ಹಾಗೆ ಕೆಂಪು ಪಟ್ಟಿ ಅಂಟಿಸು ಎಂದೆ. ಆತನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ತಿಂಗಳ ನಂತರ ನೋಡಿದರೆ ನನ್ನ ಗಾಡಿ ಹೊಸದಾಗಿರಲಿಲ್ಲ, ಇನ್ನೂ ಹಳೆಯದಾಗಿತ್ತು. ಪ್ಲಾಸ್ಟಿಕ್ ಎಲ್ಲ ಹೋಗಿ ಹಿತ್ತಾಳೆ ಬಂದಿತ್ತು. ಹಿಂದೆ ಟಾಂಗಾದ ಹಾಗೆ ನಾರು ತುಂಬಿದ ಚರ್ಮದ ಸೀಟು, ಗಿರಿಜೆಯ ಕಾಲಿಗೆ ಸರಿಯಾಗಿ ಒಂದು ಮೆಟ್ಟಿಲು. ಸೀಟಿನ ಪಕ್ಕ, ಆಕೆಯ ಕೈಗೆ ಸಿಗುವಂತೆ, ಹಿಂದೊಮ್ಮೆ ಕಾಕಾನ ಅಜ್ಜ ತನ್ನ ಟಾಂಗಾದಲ್ಲಿ ಕಾಲಿನಿಂದ ಒತ್ತುತ್ತಿದ್ದ ಗಂಟೆ, ಈಗ ಅದಕ್ಕೊಂದು ಹಿಡಿಕೆ. ಎಷ್ಟು ಚೆಂದವಿತ್ತೆಂದರೆ ನಾನು ಮದರಾಸನ್ನು ಮರೆತೆ.

“ಅಜ್ಜನ ಗಂಟಿ ಯಾಕ ಕೊಟ್ಟಿ ಕಾಕಾ?” ಎಂದೆ.

“ಮನ್ಯಾಗ ಸುಮ್ನ ಕುಂತಿತ್ರಿ. ಗಂಟಿ ರಸ್ತಾದಾಗ ಇರಬೇಕು. ಅಕ್ಕಾರು ಒಂದ ಹೊಡದ್ರ ನಿಂದರಸ್ರಿ, ಎರಡ ಹೊಡದ್ರ ಬಿಡ್ರಿ. ಹೊಡೀಲಿಲ್ಲಂದ್ರ ಕದಲಬ್ಯಾಡ್ರಿ.”

ಕಾಕಾನ ಮಾತಿಗೆ ಕಟ್ಟುಬಿದ್ದು ಗಿರಿಜೆ ಒಂದೇ ಒಂದು ಸಲ ಎಂದು ಹತ್ತಿದಳು. ಮತ್ತೆ ಅದೇ ಯಮನೂರು ದಾರಿ, ಅದೇ ಹಳ್ಳ. ಆಕೆ ಇಳಿದಳು, ನಾನು ದಾಟಿ ನಿಂತೆ. ಗಾಡಿ ಕುಲುಕಿತು, ಹತ್ತಿದಳೆಂದು ತಿಳಿಯಿತು. ಗಂಟೆ ಮಾತ್ರ ಇಲ್ಲ. ಸೆರಗು ಸರಿಮಾಡಿಕೊಳ್ಳುತ್ತಿದ್ದಳೋ, ನನ್ನನ್ನು ಪರೀಕ್ಷಿಸುತ್ತಿದ್ದಳೋ! ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮದುವೆಗೆ ಮುಂಚೆ ಆಕೆಯ ಒಪ್ಪಿಗೆಗಾಗಿ ಕಾದಾಗಲೂ ಹೊತ್ತು ಇಷ್ಟು ಉದ್ದವೆನಿಸಿರಲಿಲ್ಲ. ಕೊನೆಗೆ ಗಂಟೆ ಎರಡು ಸಲ ಬಾರಿಸಿತು.

ಈಗ ಶಾಲೆಗೆ ಒಬ್ಬನೇ ಹೊರಡುವಾಗಲೂ ಕ್ಲಚ್ ಹಿಡಿದು ಸುಮ್ಮನೆ ಕೂತಿರುತ್ತೇನೆ. ಗಿರಿಜೆ ರೊಟ್ಟಿ ಬಿಟ್ಟು ಹೊರಗೆ ಬಂದು, ಎರಡು ಹೊಡೆದು, ಒಳಗೆ ಹೋಗುತ್ತಾಳೆ. ರವಿವಾರ ಗಾಡಿಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇನೆ. ಗಂಟೆಯ ಹಿಡಿಕೆಗೆ ಅಂಟಿದ ಜೋಳದ ಹಿಟ್ಟನ್ನು ಮಾತ್ರ ಒರೆಸುವುದಿಲ್ಲ.