ಇಳಿಜಾರು ತುಳಿದ ನಿಂಬೆಹಣ್ಣು

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಭದ್ರಾವತಿ ಕಾರ್ಖಾನೆಯ ಅಧಿಕಾರಿಯೊಬ್ಬರು ಶಿವಮೊಗ್ಗದ ತಮ್ಮ ಮನೆಯಿಂದ ದಿನಾ ಕೆಲಸಕ್ಕೆ ಹೋಗಲು ಬಾಡಿಗೆ ಕಾರು ಬೇಕೆಂದರು. ನಾನು ಜಟಕಾ ಓಡಿಸುತ್ತಿದ್ದೆ. ಅವರ ಮಾತು ನಂಬಿ ಕುದುರೆ, ಗಾಡಿ ಎರಡನ್ನೂ ಮಾರಿ, ಹಳೆ ಕಾರು ಮಾರುವವನ ಅಂಗಡಿಗೆ ಹೋದೆ.

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ಬೇರೆ. ಸ್ಟೆಪ್ನಿ ಕೇಳಿದೆ, ಕೊಟ್ಟ. ಸೀಟಿಗೆ ಹೊಸ ಗವಸು ಕೇಳಿದೆ, ಅದನ್ನೂ ಕೊಟ್ಟ. ಇಷ್ಟು ಧಾರಾಳವಾಗಿ ಕೊಡುವವನು ಏನನ್ನು ಮುಚ್ಚಿಡುತ್ತಿದ್ದಾನೆ ಎಂದು ಯೋಚಿಸಲಿಲ್ಲ. ಕಾರು ಅಂಗಡಿ ಮುಂದಿನ ಇಳಿಜಾರಿನಲ್ಲಿ ನಿಂತಿತ್ತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಬ್ರೇಕು ಬಿಟ್ಟ. ಕಾರು ಹಣ್ಣು ತುಳಿದು ಜಾರಿತು, ಜಾರಿದ ವೇಗಕ್ಕೇ ಎಂಜಿನ್ನು ಶುರುವಾಯಿತು, ಸೆಲ್ಫ್ ಗುಂಡಿ ಒತ್ತುವ ಅಗತ್ಯವೇ ಬೀಳಲಿಲ್ಲ. ನಾನು ಕೈ ಮುಗಿದೆ.

ಮೂರನೆಯ ಬೆಳಿಗ್ಗೆ ಅಧಿಕಾರಿಯ ಮನೆ ಮುಂದೆ ಸೆಲ್ಫ್ ಒತ್ತಿದರೆ ಕಟಕ್ ಎಂದಿತು, ಅಷ್ಟೆ. ಹಾರನ್ನು ಮುದುಕನ ಹಾಗೆ ಕೆಮ್ಮಿತು. ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿ ತಿರುಗಿಸಿ ನನ್ನ ತೋಳು ಬಿದ್ದುಹೋಯಿತು. ಆ ಕಡೆ ಬಂದ ಹಳೆಯ ಜಟಕಾ ಗೆಳೆಯ, "ಏನ್ ಮಾರಾಯ, ಮುಂದೆ ನನ್ ಕುದುರೆ ಕಟ್ಲಾ?" ಎಂದ. ಅಧಿಕಾರಿ ಅವನ ಜಟಕಾ ಹತ್ತಿ ರೈಲಿಗೆ ಹೊರಟರು. "ಸೋಮವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ," ಎಂದರು.

ಭದ್ರಾವತಿಯಿಂದ ಕರೆಸಿದ ಮಿಸ್ತ್ರಿ ಬಾನೆಟ್ ಎತ್ತಿ ನೋಡಿ ನಕ್ಕ. "ಡೈನಮೋ ಸತ್ತೋಗಿದೆ ಅಣ್ಣಾ. ಬ್ಯಾಟರಿಗೆ ಅನ್ನ ಹಾಕೋರೇ ಇಲ್ಲ."

ಅಂಗಡಿಗೆ ಹೋಗಿ ಹೇಳಿದೆ. ಕಾರು ಮಾರಿದ ವ್ಯಾಪಾರಿ ಕೇಳಿಸಿಕೊಂಡು ಎಲೆ ಅಡಿಕೆ ಅಗಿದ. "ನಿಂಬೆಹಣ್ಣು ದಾಟಿದ್ಮೇಲೆ ಗಾಡಿ ನಿಮ್ದು, ಅದ್ರ ಕಾಯಿಲೇನೂ ನಿಮ್ದೇ. ಹ್ಯಾಂಡಲ್ ಕೊಟ್ಟಿಲ್ವಾ?"

ಜಗಳವಾಡಿದರೆ ಬಾಯಿ ಒಣಗುತ್ತದೆ, ಡೈನಮೋ ಬರುವುದಿಲ್ಲ. ವಾಪಸು ಬಂದೆ. ಮರುದಿನ ಆಯನೂರಿನ ಜಮೀನ್ದಾರರೊಬ್ಬರು ಹೆಂಡತಿಯೊಡನೆ ಹೂವು, ಕಾಯಿ ಹಿಡಿದು ಅದೇ ಇಳಿಜಾರಿನಲ್ಲಿ ಇನ್ನೊಂದು ಕಾರಿನ ಪೂಜೆಗೆ ನಿಂತಿದ್ದರು. ಹೇಗೋ ಹ್ಯಾಂಡಲ್ ಹೊಡೆದು ತಂದ ನನ್ನ ಕಾರನ್ನು ಎದುರಿನ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ, ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು ವ್ಯಾಪಾರಿಯನ್ನು ಕೂಗಿದೆ.

"ಸಾಹುಕಾರ್ರೇ, ಅವತ್ತು ಹಣ್ಣು ತುಳಿದಿದ್ದು ಇಳಿಜಾರು, ಗಾಡಿ ಅಲ್ಲ. ಪೂಜೆ ಆಗಿಲ್ಲ, ಗಾಡಿ ಇನ್ನೂ ನಿಮ್ದೇ. ಬನ್ನಿ, ಸೆಲ್ಫ್ ಒತ್ತಿ ತುಳಿಸಿ."

ವ್ಯಾಪಾರಿ ಹಲ್ಲು ಕಿರಿದ. ಆಯನೂರಿನ ಹೆಂಗಸು ನನ್ನ ಹಣ್ಣು ನೋಡಿದರು, ತಮ್ಮ ಕಾರು ನೋಡಿದರು. "ರೀ, ನಮ್ದನ್ನೂ ಆ ಮಟ್ಟ ಜಾಗಕ್ಕೆ ತರಿಸ್ರಿ. ಆಮೇಲೆ ಕಾಯಿ ಒಡೆದ್ರಾಯ್ತು." ಗಂಡ ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿಕೊಂಡರು.

ಅಂದೇ ಸಂಜೆಯೊಳಗೆ ವ್ಯಾಪಾರಿಯೇ ನನ್ನ ಕಾರಿಗೆ ಒಳ್ಳೆಯ ಡೈನಮೋ, ತುಂಬಿದ ಬ್ಯಾಟರಿ ಎರಡನ್ನೂ ಹಾಕಿಸಿಕೊಟ್ಟ. ಯಾವ ಗಾಡಿಯಿಂದ ಬಿಚ್ಚಿದ್ದೆಂದು ನಾನು ಕೇಳಲಿಲ್ಲ. ಹಳೆ ಕಾರು ಕೊಳ್ಳುವವರಿಗೆ ನನ್ನದೊಂದೇ ಮಾತು: ಗವಸು, ಸ್ಟೆಪ್ನಿ ಆಮೇಲೆ ಕೇಳಿ, ಮೊದಲು ಗಾಡಿಯನ್ನು ಇಳಿಜಾರಿನಿಂದ ಇಳಿಸಿ.

ಸೋಮವಾರ ಅಧಿಕಾರಿಯ ಬಾಗಿಲಲ್ಲಿ ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚೇ ಹಾರನ್ನು ಒತ್ತಿದೆ. ಕಾದು ನಿಂತಿದ್ದ ಜಟಕಾ ಗೆಳೆಯನ ಕುದುರೆ ಬೆಚ್ಚಿತು.