ಬೆವರಿನ ಕರೆಂಟು

ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಬರಿಸುವುದು ಅವನ ಕಸುಬು. ಬೀದಿಯವರೆಲ್ಲ ಅವನನ್ನು ಡೈನಮೋ ಎಂದೇ ಕರೆಯುತ್ತಿದ್ದರು. ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಹೆಂಡತಿಯ ತಮ್ಮ ಜಿಮ್ಮು ನಡೆಸುತ್ತಿದ್ದ. ಮೇಲೆ ಹೋದಾಗಲೆಲ್ಲ, ನಿಂತಲ್ಲೇ ನಿಂತ ಸೈಕಲ್ಲುಗಳ ಮೇಲೆ ಏದುಸಿರು ಬಿಡುವ ಜನರನ್ನು ಕಂಡು ಡೈನಮೋಗೆ ಹೊಟ್ಟೆ ಉರಿಯುತ್ತಿತ್ತು.

“ಇಷ್ಟು ಶಕ್ತಿ ಸುಮ್ನೆ ಗಾಳಿಗೆ ಹೋಗ್ತಿದೆಯಲ್ಲೋ! ಹಿಡಿದಿಟ್ಕೊಂಡ್ರೆ ನಿನ್ನ ಜಿಮ್ಮಿಗೆ ಕರೆಂಟು ಬಿಟ್ಟಿ. ಆಮೇಲೆ ಊರಲ್ಲಿರೋ ಜಿಮ್ಮಿಗೆಲ್ಲ ನಾವೇ ಮಾಡಿಕೊಡೋಣ.”

“ಗಿರಾಕಿಗಳು ಓಡಿಹೋಗದ ಹಾಗೆ ಏನಾದ್ರೂ ಮಾಡ್ಕೊಳ್ಳಿ, ಭಾವ” ಎಂದ ಭಾವಮೈದ.

ಡೈನಮೋ ಗುಜರಿಯಿಂದ ಹಳೆಯ ಕಾರುಗಳಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರುಗಳನ್ನು ಹೊತ್ತು ತಂದ. ಒಂದೊಂದು ಸೈಕಲ್ಲಿಗೂ ಬೆಲ್ಟು ಬಿಗಿದು ಬ್ಯಾಟರಿಗೆ ಜೋಡಿಸಿದ. ಮೊದಲ ದಿನ ಗೋಡೆಯುದ್ದಕ್ಕೂ ಬಲ್ಬುಗಳು ಹತ್ತಿಕೊಂಡಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಕಾಲು ನೆಲದ ಮೇಲಿರಲಿಲ್ಲ.

ವಾರ ಕಳೆಯುವುದರೊಳಗೆ ರಾಗ ಬದಲಾಯಿತು. ಫ್ಯಾನು ಹಾಕಿದರೆ ಸಾಕು, ಪೆಡಲು ಕಲ್ಲಿನಂತೆ ಭಾರವಾಗುತ್ತಿತ್ತು. ಫ್ಯಾನು ತಿರುಗಬೇಕಾದರೆ ಜೋರಾಗಿ ತುಳಿಯಬೇಕು, ಜೋರಾಗಿ ತುಳಿದರೆ ಬೆವರು, ಬೆವರಿದರೆ ಇನ್ನೊಂದು ಫ್ಯಾನು ಬೇಕು! ಬ್ಯಾಂಕಿನ ಗುಮಾಸ್ತರೊಬ್ಬರು ಅರ್ಧಕ್ಕೇ ಇಳಿದು ಟವೆಲು ಕೊಡವಿದರು.

“ಕರೆಂಟು ನಾವೇ ಮಾಡಿಕೊಡ್ಬೇಕು, ಫೀಸೂ ನಾವೇ ಕಟ್ಬೇಕು. ಇದ್ಯಾವ ನ್ಯಾಯ ರೀ?”

ಎಲ್ಲ ಸೈಕಲ್ಲುಗಳೂ ಸೇರಿ ಕೊಡುವುದನ್ನು ಮೂಲೆಯ ಟ್ರೆಡ್‌ಮಿಲ್ಲು ಒಂದೇ ಗುಟುಕಿಗೆ ನುಂಗಿಬಿಡುತ್ತಿತ್ತು. ಡೈನಮೋ ಬೆಲ್ಟು ಬದಲಿಸಿದ, ತಂತಿ ಬಿಚ್ಚಿ ಮತ್ತೆ ಸುತ್ತಿದ. ಮೀಟರಿನ ಮುಳ್ಳು ಮಾತ್ರ ಹಟ ಹಿಡಿದ ಕತ್ತೆಯಂತೆ ಅಲ್ಲೇ ನಿಂತಿತ್ತು. ಜನ ಸೋಮಾರಿಗಳು ಎಂದು ಬೈದು ಕೊನೆಗೆ ತಾನೇ ಏರಿ ಕೂತ. ಮೀನಖಂಡ ಸೆಟೆದು ಕಣ್ಣಲ್ಲಿ ನೀರು ಬರುವವರೆಗೂ ತುಳಿದ. ಮುಳ್ಳು ಒಂದಿಷ್ಟು ಮೇಲೇರಿ ಮತ್ತೆ ಕುಸಿಯಿತು.

ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಅವನ ಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದಳು: “ಅಲ್ಲಾ ರೀ, ನನ್ನ ಇಸ್ತ್ರಿಪೆಟ್ಟಿಗೆ ಕಾಯ್ಬೇಕಂದ್ರೆ ಎಷ್ಟು ಜನ ತುಳೀಬೇಕು?”

“ಹದಿನೈದು ಜನ.”

“ಒಂದು ಅಂಗಿಗಾ?”

ಅವನು ಕಾಲು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಒಬ್ಬ ಆಳಿನ ಮೈಯಲ್ಲಿ ಇಷ್ಟೇ ಶಕ್ತಿ ಇರುವುದೇ ಎಂಬ ಸಿಟ್ಟು. ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದು?

ಗಿರಾಕಿಗಳು ಎದುರಿನ ಬೀದಿಯ ಜಿಮ್ಮಿಗೆ ಹೊರಟಾಗ ಭಾವಮೈದ ಸ್ಪ್ಯಾನರ್ ಹಿಡಿದು ಆಲ್ಟರ್ನೇಟರುಗಳನ್ನು ಬಿಚ್ಚಿ ಕೆಳಗಿಳಿಸಿದ. ಬೈದಿದ್ದರೇ ವಾಸಿಯಿತ್ತು.

ಭಾವಮೈದನ ಜಿಮ್ಮಿಗೆ ಬರುತ್ತಿದ್ದ ಫಿಸಿಯೋಥೆರಪಿ ಡಾಕ್ಟರಮ್ಮ ಒಂದು ದಿನ ಅಂಗಡಿಗೆ ಬಂದು, ಬಲ್ಬು ಹತ್ತುವ ಸೈಕಲ್ಲು ಒಂದು ಬೇಕು ಎಂದರು. “ಗುಜರಿಗೆ ಹಾಕ್ತೀನಿ, ಕೊಡಲ್ಲ” ಎಂದು ಗುರುಗುಟ್ಟಿದ ಡೈನಮೋ, ಹೆಂಡತಿ ಕಣ್ಣು ಬಿಟ್ಟ ಮೇಲೆ ಒಂದನ್ನು ಸಜ್ಜು ಮಾಡಿ ಕಳಿಸಿದ.

ಕೆಲವು ತಿಂಗಳ ನಂತರ ಆ ಸೈಕಲ್ಲಿನ ಬೆಲ್ಟು ಬಿಗಿಯಲು ಡಾಕ್ಟರಮ್ಮನ ಆಸ್ಪತ್ರೆಗೆ ಹೋದ. ಮಂಡಿ ಆಪರೇಷನ್ ಆದ ಅಜ್ಜಿಯೊಬ್ಬರು ಹಲ್ಲು ಕಚ್ಚಿ ಪೆಡಲು ತುಳಿಯುತ್ತಿದ್ದರು. ಮುಂದಿನ ಪುಟ್ಟ ಬಲ್ಬು ಮಿಣಮಿಣ ಎನ್ನುತ್ತಿತ್ತು.

“ಕಾಲು ಮಡಿಸೋಕೇ ಒಪ್ತಿರಲಿಲ್ಲ ಇವರು. ಈಗ ಇಳೀರಿ ಅಂದ್ರೂ ಇಳಿಯಲ್ಲ” ಎಂದರು ಡಾಕ್ಟರಮ್ಮ.

“ಸುಮ್ನಿರಮ್ಮ, ಮಾತಾಡಿಸ್ಬೇಡ. ಆರಿಹೋಗತ್ತೆ” ಎಂದರು ಅಜ್ಜಿ, ಬಲ್ಬಿನಿಂದ ಕಣ್ಣು ಕೀಳದೆ.

ಡೈನಮೋ ಬಗ್ಗಿ ಮೀಟರು ನೋಡಿದ. “ಥತ್, ಇದರಲ್ಲಿ ಒಂದು ಫೋನೂ ಚಾರ್ಜ್ ಆಗಲ್ಲ” ಎಂದು ಗೊಣಗಿಕೊಂಡು, ಅಜ್ಜಿ ತುಳಿದು ಮುಗಿಸಲಿ ಎಂದು ಬೆಂಚಿನ ಮೇಲೆ ಕಾದು ಕೂತ.